ಪಿಕಪ್ ಬಂಡಿಗೆ ಉಕ್ಕಿನ ಮೂತಿ

ಬಳಗಾನೂರಿನ ಸೀಮೆಯು ಎರೆನೆಲವೆಂಬುದನ್ನು ವಾಚಕರು ಬಲ್ಲರು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹರಿದಮೇಲೆ ಈ ಕಡೆಯ ಜೋಳದ ಹೊಲಗಳನೇಕವು ಬತ್ತದ ಗದ್ದೆಗಳಾದುವು. ಅದರೊಡನೆ ಹುದುಲೂ ಹೆಚ್ಚಿತು. ಕಳೆದ ಸುಗ್ಗಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಪಿಕಪ್ ಬಂಡಿಯು ಬತ್ತದ ಚೀಲಗಳನ್ನು ಹೊತ್ತು, ಅಚ್ಚಿನವರೆಗೆ ಹೂತು, ರಾತ್ರಿಯೆಲ್ಲ ಅಲ್ಲಿಯೇ ನಿಂತಿತು. ಮರುದಿನವೇ ಅವನು ನಮ್ಮ ಮನೆಯ ಕಟ್ಟೆಗೆ ಬಂದು, “ಸರ, ಗಾಡಿಗೆ ಮುಂದ ದಪ್ಪ ಕಬ್ಬಿಣದ ಬಂಪರ್ ಹಾಕಿಸಿ, ಅದರಾಗ ಒಂದು ವಿಂಚ್ ಕೂಡಿಸಬೇಕಂತ ಮಾಡೀನ್ರಿ. ನೀವೇನಂತೀರಿ?” ಎಂದು ಕೇಳಿದನು. ಹಣವು ಅವನದು, ನಿಜ. ಆದರೆ ಕಾಲುವೆಯ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳು ಎಲ್ಲರವರು. ಆದಕಾರಣ ಸುಮ್ಮನೆ ತಲೆದೂಗಲು ಮನಸ್ಸೊಪ್ಪಲಿಲ್ಲ.

ರಥವನ್ನು ಘರ್ಷಣೆಯಿಂದ ಕಾಯುವ ಕಟ್ಟಿಗೆ ಅಮರಕೋಶದಲ್ಲಿ ವರೂಥವೆಂದು ಹೆಸರು. ಬಂಪರಿನ ಆಸೆ ಹೊಸದೇನೂ ಅಲ್ಲ. ಆದರೆ ಈಗಿನ ಬಂಡಿಗಳ ಮುಂಭಾಗವನ್ನು ಪೆಟ್ಟು ಬಿದ್ದಾಗ ಕುಸಿಯುವಂತೆ ರಚಿಸಿರುತ್ತಾರೆ. ತಗಡು ಕುಸಿಯುವಷ್ಟರಲ್ಲಿ ಆಘಾತದ ಬಹುಭಾಗವು ಅಲ್ಲಿಯೇ ವ್ಯಯವಾಗುವುದು. ಬಾಗದ ಉಕ್ಕು ಆ ಪೆಟ್ಟನ್ನು ನೇರವಾಗಿ ಚಾಸಿಗೂ ಒಳಗೆ ಕುಳಿತವರಿಗೂ ದಾಟಿಸುತ್ತದೆ. ಗಾಳಿಚೀಲವಿರುವ ಬಂಡಿಯಲ್ಲಿ ಅದು ಸಕಾಲಕ್ಕೆ ಬಿಚ್ಚಿಕೊಳ್ಳುವುದಕ್ಕೂ ಅಡ್ಡಿಯಾಗಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಪಾಡನ್ನು ಹೇಳಬೇಕಾದುದೇ ಇಲ್ಲ. ಬಂಪರಿನ ಎತ್ತರವು ಎಂಟು ವರುಷದ ಮಗುವಿಗೆ ಎಲ್ಲಿ ತಗಲುವುದೆಂಬುದನ್ನು ನನ್ನ ಕೈಕೋಲಿನಿಂದಲೇ ಅಳೆದು ತೋರಿಸಿದೆನು. ಅವನು ಮಾತಾಡಲಿಲ್ಲ.

ಕಾಯಿದೆಯೂ ಇದಕ್ಕೆ ಪ್ರತಿಕೂಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬಂಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯವು ಇಂಥ ಕಾಪುಸರಳುಗಳ ಮೇಲೆ ಕ್ರಮ ಕೈಕೊಳ್ಳಿರೆಂದು ರಾಜ್ಯಗಳಿಗೆ ಬರೆಯಿತು. 2019ರ ತಿದ್ದುಪಡಿಯ ಮೇರೆಗೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ.

ವಿಂಚಾದರೋ ನಮ್ಮ ಬಾವಿಯ ರಾಟೆಗೆ ದಾಯಾದಿ. ಸಣ್ಣ ಮೋಟಾರು ಭರದಿಂದ ತಿರುಗುವುದು. ಹಲ್ಲುಗಾಲಿಗಳು ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುವು. ಉರುಳೆಯು ಮೆಲ್ಲಗೆ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುವುದು. ಹೇರುಸಹಿತ ಬಂಡಿಯ ತೂಕದ ಒಂದೂವರೆಪಟ್ಟು ಎಳೆಯುವ ಶಕ್ತಿ ಅದಕ್ಕಿರಬೇಕೆಂಬುದು ರೂಢಿಯ ಲೆಕ್ಕ: 3 ಟನ್ನಿನ ಬಂಡಿಗೆ 4½ ಟನ್ನು. ಅಷ್ಟು ಬಲದ ವಿಂಚು ಪೂರ್ಣ ಭಾರದಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 400 ಆಂಪಿಯರ್ ಹೀರುವುದುಂಟು. ಮುಂದೀಪವೊಂದಕ್ಕೆ ಸಾಕಾಗುವುದು ಐದೇ. ಇದಲ್ಲದೆ ಮುಂದಿನ ಅಚ್ಚಿನಿಂದಾಚೆ ತೂಗುಬಿಟ್ಟ ಭಾರವು, ತಕ್ಕಡಿಯ ನ್ಯಾಯದಂತೆ, ಹಿಂದಿನ ಗಾಲಿಗಳನ್ನು ಹಗುರಮಾಡುತ್ತದೆ. ಹಿಂಗಾಲಿಯೇ ತಳ್ಳುವ ಬಂಡಿಗೆ ಹುದುಲಿನಲ್ಲಿ ಅದೇ ಒಂದು ಕೇಡು. ಬಿಗಿದ ಹಗ್ಗ ಹರಿದರೆ ಚಾವಟಿಯಾಗಿ ಬೀಸುವುದು. ಎಳೆಯುವಾಗ ಅದರ ನಡುವೆ ದಪ್ಪ ಕಂಬಳಿಯನ್ನೋ ಗೋಣಿಯನ್ನೋ ಹಾಕಿ ಜನರೆಲ್ಲ ದೂರ ನಿಲ್ಲತಕ್ಕದ್ದು.

ಇಷ್ಟು ಹೇಳಿ ಅವನನ್ನು ಕೇಳಿದೆನು: “ಹಗ್ಗದ ಆ ತುದಿಯನ್ನು ಎಲ್ಲಿಗೆ ಕಟ್ಟುತ್ತೀಯಪ್ಪಾ?” ಕೊಡಗಿನ ಕಾಫಿ ತೋಟದ ಜೀಪಿಗೆ ಮರಗಳ ಬಡತನವಿಲ್ಲ. ನಮ್ಮ ಗದ್ದೆಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಬದುವೇ ಬದು.

ಅವನು ತುಸು ಹೊತ್ತು ಯೋಚಿಸಿ ನಕ್ಕನು. “ಯಾರದಾರ ಟ್ರ್ಯಾಕ್ಟರಿಗೇ ಕಟ್ಟಬೇಕ್ರಿ ಸರ.”

“ಟ್ರ್ಯಾಕ್ಟರು ಬಂದಮೇಲೆ ವಿಂಚೇಕೆ?”

ಆ ವಾರವೇ ಅವನು ಸಿಂಧನೂರಿಗೆ ಹೋಗಿ ಎಳೆಯುವ ಅಗಲಪಟ್ಟಿಯೊಂದನ್ನೂ, ಸಮೀಪದಲ್ಲಿ ಮರ ಸಿಕ್ಕಿದಾಗ ಬೇಕಾದೀತೆಂದು ಕೈಯಿಂದ ಎಳೆಯುವ ಚೈನ್ ಪುಲ್ಲಿಯೊಂದನ್ನೂ ಕೊಂಡುತಂದನು. ಗಾಲಿಗಳ ಕೆಳಗೆ ಕೊಡಲು ಎರಡು ಹಲಗೆಗಳೂ ಈಗ ಬಂಡಿಯಲ್ಲಿವೆ. ಅವು ಅವನ ಹಳೆಯ ಮನೆಯ ಬಾಗಿಲಿನವು.