ಕಾರಿನ ಬೆಲೆ ಇಳಿದರೂ ಇನ್ಶೂರೆನ್ಸ್ ಬಿಲ್ ಏರುವುದೇಕೆ? ರಿನ್ಯೂವಲ್‌ಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

"ಕಾರು ಹಳೆಯದಾದಷ್ಟೂ ಇನ್ಶೂರೆನ್ಸ್ ಕಡಿಮೆಯಾಗಬೇಕು, ಜಾಸ್ತಿ ಕೇಳಿದರೆ ಅದು ಮೋಸ. ಫುಲ್ ಇನ್ಶೂರೆನ್ಸ್ ದುಡ್ಡು ದಂಡ, ಥರ್ಡ್ ಪಾರ್ಟಿ ಒಂದಿದ್ದರೆ ಸಾಕು." ಈ ಅರ್ಥದ ಸಂದೇಶಗಳು ವಾಟ್ಸ್‌ಆಪ್ ಗ್ರೂಪ್‌ಗಳಲ್ಲಿ ಆಗಾಗ ಓಡಾಡುತ್ತವೆ. ರಿನ್ಯೂವಲ್ ಬಿಲ್ ಕೈಗೆ ಬಂದ ದಿನ ಇದನ್ನು ಓದಿದರೆ ಹೌದು ಅನ್ನಿಸುವುದು ಸಹಜ. ಆದರೆ ಇದರಲ್ಲಿ ಸತ್ಯ ಅರ್ಧ ಮಾತ್ರ. ಉಳಿದರ್ಧವನ್ನು ನಂಬಿದರೆ ಕೊಡಗಿನ ಕಕ್ಕಬೆಯಂಥ ಊರಿನಲ್ಲಿ ಒಂದೇ ಮಳೆಗಾಲದಲ್ಲಿ ದೊಡ್ಡ ನಷ್ಟವಾಗಬಹುದು.

ಚಿಕ್ಕದಾಗಿ ಹೇಳುವುದಾದರೆ, ಬಿಲ್‌ನಲ್ಲಿ ಕಾಣುವ ಮೊತ್ತ ಒಂದೇ ಆದರೂ ಅದರೊಳಗೆ ಹಲವು ಭಾಗಗಳಿವೆ. ಕೆಲವನ್ನು ಯಾರಿಂದಲೂ ಇಳಿಸಲಾಗದು, ಕೆಲವನ್ನು ನೀವೇ ಇಳಿಸಬಹುದು. ಎಲ್ಲಿ ಕತ್ತರಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತಿಳಿದರೆ ಸಾಕು.

ಬಿಲ್‌ನೊಳಗೆ ಏನೇನಿದೆ?

ಮೊದಲನೆಯದು ಥರ್ಡ್ ಪಾರ್ಟಿ ಪ್ರೀಮಿಯಂ. ನಿಮ್ಮ ವಾಹನದಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ಹಾನಿಗೆ ಪರಿಹಾರ ಕೊಡುವ ವಿಮೆ ಇದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದು ಕಡ್ಡಾಯ. ಇದರ ದರವನ್ನು ಕಂಪನಿ ನಿರ್ಧರಿಸುವುದಿಲ್ಲ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಂತೆ ಖಾಸಗಿ ಕಾರುಗಳ ವಾರ್ಷಿಕ ದರ ಹೀಗಿದೆ: 1,000 ಸಿಸಿವರೆಗೆ 2,094 ರೂ., 1,000ದಿಂದ 1,500 ಸಿಸಿವರೆಗೆ 3,416 ರೂ., 1,500 ಸಿಸಿಗಿಂತ ಹೆಚ್ಚಿದ್ದರೆ 7,897 ರೂ. ಎಲೆಕ್ಟ್ರಿಕ್ ಕಾರಿಗೆ ಶೇ 15ರಷ್ಟು ರಿಯಾಯಿತಿ ಇದೆ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಕಾರಿಗೆ ಆಗುವ ಹಾನಿಯ ವಿಮೆ. ಇದರ ದರವನ್ನು ಕಂಪನಿಗಳೇ ನಿಗದಿಪಡಿಸಲು 2007ರ ಜನವರಿ 1ರಿಂದ ಅವಕಾಶವಿದೆ. ಒಂದೇ ಕಾರಿಗೆ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ದರ ಹೇಳುವುದು ಈ ಭಾಗದಲ್ಲೇ. ಚೌಕಾಸಿಗೆ ಜಾಗ ಇರುವುದೂ ಇಲ್ಲೇ.

ಮೂರನೆಯದು ಮಾಲೀಕ-ಚಾಲಕರ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ. ನಾಲ್ಕನೆಯದು ಝೀರೋ ಡೆಪ್, ಇಂಜಿನ್ ಪ್ರೊಟೆಕ್ಟ್‌ನಂಥ ಆಡ್-ಆನ್‌ಗಳು. ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. "ವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ" ಎಂಬ ಮಾತು ನಿಮ್ಮ ಗ್ರೂಪಿಗೂ ಬಂದಿರಬಹುದು. 2025ರ ಸೆಪ್ಟೆಂಬರ್ 22ರಿಂದ ಆ ವಿನಾಯಿತಿ ಸಿಕ್ಕಿದ್ದು ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಮಾತ್ರ. ಕಾರಿನ ವಿಮೆಗೆ ಅದು ಅನ್ವಯಿಸುವುದಿಲ್ಲ.

ನಾಲ್ಕನೇ ವರ್ಷದ ಶಾಕ್

"ಮೂರು ವರ್ಷ ಸರಿಯಾಗಿತ್ತು, ಈ ವರ್ಷ ಒಮ್ಮೆಲೇ ಏರಿಸಿದ್ದಾರೆ" ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ದರ ಏರಿಕೆಯೇ ಅಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ದ್ವಿಚಕ್ರ ವಾಹನಕ್ಕಾದರೆ ಐದು ವರ್ಷ. 1,200 ಸಿಸಿ ಕಾರಿಗೆ 2022ರ ಅಧಿಸೂಚನೆಯಂತೆ ಈ ಮೂರು ವರ್ಷದ ಮೊತ್ತ 10,640 ರೂ. ಶೋರೂಮಿನ ಆನ್-ರೋಡ್ ಬೆಲೆಯೊಳಗೆ ಅದು ಸೇರಿಹೋಗಿರುತ್ತದೆ, ನಮಗೆ ನೆನಪಿರುವುದಿಲ್ಲ.

ಎರಡು ಮತ್ತು ಮೂರನೇ ವರ್ಷ ಓನ್ ಡ್ಯಾಮೇಜ್ ಮಾತ್ರ ಕಟ್ಟುತ್ತೇವೆ. ನಾಲ್ಕನೇ ವರ್ಷ 3,416 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ ಸುಮಾರು 4,031 ರೂ. ಬಿಲ್‌ಗೆ ಹೊಸದಾಗಿ ಬಂದು ಕೂರುತ್ತದೆ. ಕಂಪನಿ ಬದಲಿಸಿದರೂ ಈ ಮೊತ್ತ ಬದಲಾಗದು.

ತೋಟದ ಹಳೆಯ ಜೀಪಿನ ಲೆಕ್ಕವೂ ಹೀಗೇ. ಥರ್ಡ್ ಪಾರ್ಟಿ ದರಕ್ಕೆ ವಾಹನದ ವಯಸ್ಸು, ಬೆಲೆ ಲೆಕ್ಕಕ್ಕಿಲ್ಲ, ಇಂಜಿನ್ ಗಾತ್ರ ಮಾತ್ರ ಮುಖ್ಯ. ಖಾಸಗಿಯಾಗಿ ನೋಂದಣಿಯಾದ 2,500 ಸಿಸಿ ಡೀಸೆಲ್ ಜೀಪು ಇಪ್ಪತ್ತು ವರ್ಷ ಹಳೆಯದಾದರೂ 7,897 ರೂ. ದರಕ್ಕೇ ಬರುತ್ತದೆ, ಜಿಎಸ್‌ಟಿ ಸೇರಿದರೆ ಸುಮಾರು 9,318 ರೂ. ಪಕ್ಕದ ಮನೆಯ ಹೊಸ ಸಣ್ಣ ಕಾರಿನ ಥರ್ಡ್ ಪಾರ್ಟಿ ಇದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಬೆಂಗಳೂರಿನ ನೆಂಟರ ಬಿಲ್‌ನೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಹಳೆಯ ದರಪಟ್ಟಿಯಲ್ಲಿ ಬೆಂಗಳೂರು ಸೇರಿದಂತೆ ಎಂಟು ದೊಡ್ಡ ನಗರಗಳು 'ಎ' ವಲಯ, ಉಳಿದ ದೇಶ 'ಬಿ' ವಲಯ. ಮಡಿಕೇರಿಯ ಕೆಎ-12 ನೋಂದಣಿ 'ಬಿ' ವಲಯಕ್ಕೆ ಸೇರುತ್ತದೆ, ಅಲ್ಲಿ ಓನ್ ಡ್ಯಾಮೇಜ್‌ನ ಮೂಲ ದರ ಸ್ವಲ್ಪ ಕಡಿಮೆ.

"ಥರ್ಡ್ ಪಾರ್ಟಿ ಸಾಕು" ಎಂಬುದು ಯಾರಿಗೆ ಸರಿ?

ಕಾನೂನಿನ ಕಣ್ಣಿನಲ್ಲಿ ಸಾಕು. ಪೊಲೀಸರು ತಡೆದರೆ ದಂಡ ಬೀಳುವುದಿಲ್ಲ. ಆದರೆ ನಿಮ್ಮ ಕಾರಿಗೆ ಏನೇ ಆದರೂ ಅದರಿಂದ ಒಂದು ರೂಪಾಯಿ ಸಿಗುವುದಿಲ್ಲ.

ಕಕ್ಕಬೆ ಇರುವುದು ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಎಡೆಬಿಡದೆ ಹೊಡೆಯುವ ಜಾಗ. ರಸ್ತೆಬದಿಯ ಬರೆ ಕುಸಿಯುವುದು, ಮರ ಉರುಳುವುದು, ಭಾಗಮಂಡಲ ಮತ್ತು ನಾಪೋಕ್ಲು ಕಡೆ ಕಾವೇರಿ ಉಕ್ಕಿ ರಸ್ತೆ ಮುಳುಗುವುದು ಇಲ್ಲಿನವರಿಗೆ ಹೊಸದಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ಕೊಡಗು ಮರೆತಿಲ್ಲ. ಇದರ ಮೇಲೆ ತೋಟಕ್ಕೂ ರಸ್ತೆಗೂ ಇಳಿಯುವ ಕಾಡಾನೆಗಳು.

ನೆರೆ, ಬಿರುಗಾಳಿ, ಭೂಕುಸಿತ, ಬಂಡೆ ಉರುಳುವುದು, ಸಿಡಿಲು, ಬೆಂಕಿ, ಕಳವು, ಹೊರಗಿನಿಂದ ಆಕಸ್ಮಿಕವಾಗಿ ಆಗುವ ಪೆಟ್ಟು, ಇವೆಲ್ಲ ಓನ್ ಡ್ಯಾಮೇಜ್ ಪಾಲಿಸಿಯ ವ್ಯಾಪ್ತಿಯಲ್ಲಿವೆ. ಮರ ಬಿದ್ದು ಕಾರು ಜಜ್ಜಿದರೂ, ಆನೆ ತಳ್ಳಿ ಕೆಡವಿದರೂ ಕ್ಲೇಮ್ ಮಾಡಬಹುದು. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ಈ ಯಾವುದೂ ಇಲ್ಲ.

ಹಾಗಾದರೆ ಬಿಡಬಹುದಾದವರು ಯಾರು? ಕಾರಿನ ಮಾರುಕಟ್ಟೆ ಬೆಲೆ ಬಹಳ ಇಳಿದು, ಅದು ಪೂರ್ತಿ ಹಾಳಾದರೂ ಸಾಲ ಮಾಡದೆ ಬೇರೊಂದನ್ನು ಕೊಳ್ಳಬಲ್ಲವರು. ಉಳಿದವರಿಗೆ ಈ ಉಳಿತಾಯ ದುಬಾರಿಯಾದೀತು.

ಇನ್ನೊಂದು ವಿಷಯ. ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಯಲ್ಲಿ ವಾಹನದೊಳಗೆ ಪುಕ್ಕಟೆಯಾಗಿ ಕುಳಿತವರಿಗೆ ರಕ್ಷಣೆ ತಾನಾಗಿಯೇ ಸಿಗುವುದಿಲ್ಲ. ಇಂಥ ಪಾಲಿಸಿಯಲ್ಲಿ ಸ್ಕೂಟರ್‌ನ ಹಿಂಬದಿ ಸವಾರರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀಪಿನಲ್ಲಿ ತೋಟದ ಕಾರ್ಮಿಕರನ್ನು ಕರೆದೊಯ್ಯುವವರು ತಮ್ಮ ಪಾಲಿಸಿಯಲ್ಲಿ ಅವರಿಗೆ ರಕ್ಷಣೆ ಇದೆಯೇ ಎಂದು ಕಂಪನಿಗೆ ಲಿಖಿತವಾಗಿ ಕೇಳಿ, ಬೇಕಾದ ಕವರ್ ಸೇರಿಸಿಕೊಳ್ಳಬೇಕು. ಸಂಬಳದ ಡ್ರೈವರ್ ಇದ್ದರೆ ಅವರ ಹೆಸರಿನ 50 ರೂ. ಸಾಲನ್ನು ಉಳಿತಾಯದ ನೆಪದಲ್ಲಿ ತೆಗೆಸಬೇಡಿ.

ಬಿಳಿ ಬೋರ್ಡ್ ಕಾರಿನಲ್ಲಿ ಬಾಡಿಗೆ

ತಡಿಯಂಡಮೋಳ್ ಚಾರಣ, ನಾಲ್ಕುನಾಡು ಅರಮನೆ, ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆಂದು ಪ್ರವಾಸಿಗರು ಬರುವ ಊರು ಇದು. ಹೋಂಸ್ಟೇ ಅತಿಥಿಗಳನ್ನು ಸ್ವಂತ ಕಾರಿನಲ್ಲಿ ಕರೆದೊಯ್ದು ಹಣ ಪಡೆಯುವುದು ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಬಳಕೆಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಆ ಓಡಾಟದಲ್ಲಿ ಅಪಘಾತವಾದರೆ ನಿಮ್ಮ ಕಾರಿನ ಕ್ಲೇಮ್ ತಿರಸ್ಕೃತವಾಗಬಹುದು. ಗಾಯಾಳುಗಳಿಗೆ ನ್ಯಾಯಮಂಡಳಿ ಕೊಡಿಸಿದ ಪರಿಹಾರವನ್ನು ಕಂಪನಿ ಮೊದಲು ಕಟ್ಟಿ ಆಮೇಲೆ ನಿಮ್ಮಿಂದ ವಸೂಲಿ ಮಾಡುವ ಸಂದರ್ಭವೂ ಬರಬಹುದು. ಬಾಡಿಗೆ ಮಾಡುವುದಿದ್ದರೆ ಹಳದಿ ಬೋರ್ಡ್ ಮತ್ತು ಅದಕ್ಕೆ ತಕ್ಕ ವಿಮೆಯೇ ದಾರಿ.

ನಿಜಕ್ಕೂ ಉಳಿಸುವುದು ಹೇಗೆ?

ನೋ ಕ್ಲೇಮ್ ಬೋನಸ್ ಕಾಪಾಡಿಕೊಳ್ಳಿ. ಕ್ಲೇಮ್ ಮಾಡದ ಒಂದು ವರ್ಷಕ್ಕೆ ಶೇ 20, ನಂತರ ಕ್ರಮವಾಗಿ 25, 35, 45, ಐದನೇ ವರ್ಷಕ್ಕೆ ಶೇ 50 ರಿಯಾಯಿತಿ ಸಿಗುತ್ತದೆ. ಇದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಒಂದು ಉದಾಹರಣೆ ನೋಡಿ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 10,000 ರೂ., ಬೋನಸ್ ಶೇ 50 ಎಂದುಕೊಳ್ಳಿ. ಗೀರು ಬಿದ್ದ ಬಾಗಿಲಿಗೆ 4,000 ರೂ. ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ. ಅದು ಮತ್ತೆ ಶೇ 50ಕ್ಕೆ ಏರುವಷ್ಟರಲ್ಲಿ ನೀವು ಕ್ರಮವಾಗಿ 5,000, 3,000, 2,500, 1,500 ಮತ್ತು 500, ಅಂದರೆ ಒಟ್ಟು 12,500 ರೂ. ಹೆಚ್ಚು ಕಟ್ಟಿರುತ್ತೀರಿ. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಬಂದೀತು. ಆದರೂ ಸಣ್ಣ ರಿಪೇರಿಯನ್ನು ಕೈಯಿಂದ ಮಾಡಿಸುವುದೇ ಲಾಭ. ದೊಡ್ಡ ಹಾನಿಯಾದಾಗ ಹಿಂಜರಿಯದೆ ಕ್ಲೇಮ್ ಮಾಡಿ, ವಿಮೆ ಇರುವುದೇ ಅದಕ್ಕೆ.

ಬೋನಸ್ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಕಂಪನಿ ಬದಲಿಸಿದರೂ ಅದು ನಿಮ್ಮ ಜೊತೆ ಬರುತ್ತದೆ, ಕಾರು ಮಾರಿದರೆ ಹೊಸ ಕಾರಿಗೆ ವರ್ಗಾಯಿಸಬಹುದು. ಆದರೆ ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟು ಬೋನಸ್ ಪಡೆಯಬೇಡಿ. ಕಂಪನಿಗಳು ಪರಿಶೀಲಿಸುತ್ತವೆ, ಮುಂದಿನ ಕ್ಲೇಮ್‌ಗೆ ಅದೇ ತೊಡಕಾಗುತ್ತದೆ.

ಅಪಘಾತ ವಿಮೆಗೆ ಎರಡೆರಡು ಸಲ ಕಟ್ಟಬೇಡಿ. ಮನೆಯಲ್ಲಿ ಒಬ್ಬರ ಹೆಸರಿನಲ್ಲೇ ಕಾರು, ಜೀಪು, ಸ್ಕೂಟರ್ ಇದ್ದರೂ 15 ಲಕ್ಷದ ಮಾಲೀಕ-ಚಾಲಕ ವಿಮೆ ಒಂದೇ ಸಾಕು. ಈಗಾಗಲೇ ಇದ್ದರೆ ಘೋಷಣೆ ಕೊಟ್ಟು ಉಳಿದ ಬಿಲ್‌ಗಳಿಂದ ತೆಗೆಸಿ.

ಐಡಿವಿ ನೋಡಿ. ಇದು ಕಾರಿಗೆ ವಿಮೆಯಲ್ಲಿ ಕಟ್ಟಿದ ಬೆಲೆ. ಕಾರು ಕಳವಾದರೆ ಅಥವಾ ರಿಪೇರಿ ವೆಚ್ಚ ಐಡಿವಿಯ ಶೇ 75 ದಾಟಿದರೆ ನಿಮಗೆ ಸಿಗುವುದು ಇದರ ಲೆಕ್ಕದಲ್ಲೇ. "ನಮ್ಮದು ಎಲ್ಲರಿಗಿಂತ ಕಡಿಮೆ" ಎನ್ನುವ ದರದ ಹಿಂದೆ ಐಡಿವಿ ಇಳಿಸಿರುವ ಸಾಧ್ಯತೆ ಇರುತ್ತದೆ. ಎರಡು ದರಗಳನ್ನು ಹೋಲಿಸುವಾಗ ಐಡಿವಿ ಒಂದೇ ಇರುವಂತೆ ನೋಡಿಕೊಳ್ಳಿ.

ಆಡ್-ಆನ್ ಆರಿಸಿ ತೆಗೆದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಡಿತವಾಗುತ್ತದೆ. 8,000 ರೂ. ಬಂಪರಿಗೆ ಸಿಗುವುದು 4,000. ಝೀರೋ ಡೆಪ್ ಇದ್ದರೆ ಈ ಕಡಿತವಿಲ್ಲ. ಮಳೆನಾಡಿನಲ್ಲಿ ಇಂಜಿನ್ ಪ್ರೊಟೆಕ್ಟ್ ಕೂಡ ಯೋಚಿಸಬೇಕಾದ್ದು. ನೀರು ಹೊಕ್ಕ ಇಂಜಿನ್ ಅನ್ನು ಸ್ಟಾರ್ಟ್ ಮಾಡಲು ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಡಿ ಪರಿಹಾರ ಸಿಗುವುದು ಕಷ್ಟ. ಹಾಗಾಗಿ ನೀರಿನಲ್ಲಿ ನಿಂತ ಕಾರಿನ ಕೀಲಿ ತಿರುಗಿಸಲೇಬೇಡಿ, ಟೋ ಮಾಡಿಸಿ. ಕೀ ಕಳೆದುಹೋದರೆ, ಟೈರ್ ಹಾಳಾದರೆ ಎಂಬಂಥ ಆಡ್-ಆನ್‌ಗಳು ಬೇಡದಿದ್ದರೆ ತೆಗೆಸಬಹುದು.

ಕಡಿಮೆ ಓಡಿಸುವವರು ಕೇಳಿ ನೋಡಿ. ಓಡಿದ ಕಿಲೋಮೀಟರಿಗೆ ತಕ್ಕಂತೆ ಪ್ರೀಮಿಯಂ ಕಟ್ಟುವ ಆಡ್-ಆನ್‌ಗೆ ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಜುಲೈನಲ್ಲಿ ಅನುಮತಿ ಕೊಟ್ಟಿದೆ. ವಾರಕ್ಕೊಮ್ಮೆ ನಾಪೋಕ್ಲು ಸಂತೆಗೋ ವಿರಾಜಪೇಟೆಗೋ ಹೋಗಿಬರುವ ಕಾರಿಗೆ ಇದು ಹೊಂದಬಹುದು.

"ಒಂದು ತಿಂಗಳು ಗ್ರೇಸ್ ಇದೆ" ಎಂಬುದು ನಿಜವೇ?

ಅಲ್ಲ. ಪಾಲಿಸಿ ಮುಗಿದ ಕ್ಷಣದಿಂದ ರಕ್ಷಣೆ ಇಲ್ಲ. ಇರುವ 90 ದಿನಗಳ ಅವಕಾಶ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳಲು ಮಾತ್ರ, ಗಾಡಿ ಓಡಿಸಲು ಅಲ್ಲ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಆ ದಿನಗಳಲ್ಲಿ ಯಾರಿಗಾದರೂ ಜೀವಹಾನಿಯಾದರೆ ಲಕ್ಷಗಟ್ಟಲೆ ಪರಿಹಾರ ನಿಮ್ಮ ತೋಟ, ಮನೆಯ ಮೇಲೆ ಬರುತ್ತದೆ.

ಪಾಲಿಸಿ ಮುಗಿದ ಮೇಲೆ ಓನ್ ಡ್ಯಾಮೇಜ್ ಬೇಕೆಂದರೆ ಕಾರಿನ ತಪಾಸಣೆಯೂ ಆಗಬೇಕು, ಸಾಮಾನ್ಯವಾಗಿ ಫೋನಿನಲ್ಲಿ ವಿಡಿಯೋ ತೆಗೆದು ಕಳಿಸಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಊರಿನಲ್ಲಿ ಇದು ಸುಲಭವಲ್ಲ. ನಿಮ್ಮ ರಿನ್ಯೂವಲ್ ಜೂನ್-ಜುಲೈನಲ್ಲಿದ್ದರೆ ಕೆಲವು ವಾರ ಮೊದಲೇ ಮಾಡಿಸಿ. ಹೊಸ ಪಾಲಿಸಿ ಹಳೆಯದು ಮುಗಿದ ಮೇಲೆಯೇ ಶುರುವಾಗುವುದರಿಂದ ದಿನಗಳು ನಷ್ಟವಾಗುವುದಿಲ್ಲ. ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಮೊತ್ತ ಅನುಮಾನ ತಂದರೆ

ಕಳೆದ ವರ್ಷದ ಪಾಲಿಸಿ ಮತ್ತು ಈ ವರ್ಷದ ಬಿಲ್ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ನೋಡಿ. ಥರ್ಡ್ ಪಾರ್ಟಿ ದರ ಚಾಲ್ತಿಯಲ್ಲಿರುವ ಅಧಿಸೂಚನೆಗೆ ಹೊಂದುತ್ತದೆಯೇ, ಬೋನಸ್ ಶೇಕಡಾ ಸರಿಯಿದೆಯೇ, ಕೇಳದ ಆಡ್-ಆನ್ ಸೇರಿದೆಯೇ ಎಂದು ಪರಿಶೀಲಿಸಿ. ತಪ್ಪಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹಣ ಕಟ್ಟಿದ ಮೇಲೆ ಎಂಪರಿವಾಹನ್ ಆಪ್‌ನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ ವಿಮೆಯ ದಿನಾಂಕ ಬದಲಾಗಿದೆಯೇ ನೋಡಿ. ಕೆಲವು ದಿನ ಕಳೆದರೂ ಬದಲಾಗದಿದ್ದರೆ ಕಂಪನಿಗೇ ನೇರವಾಗಿ ಕರೆ ಮಾಡಿ ಪಾಲಿಸಿ ಅಸಲಿಯೇ ಎಂದು ಕೇಳಿ. ವಾಟ್ಸ್‌ಆಪ್‌ನಲ್ಲಿ ಬಂದ ಅಗ್ಗದ ಆಫರ್‌ನ ಲಿಂಕ್ ಒತ್ತಿ ಹಣ ಕಟ್ಟಬೇಡಿ.

ಒಟ್ಟಿನಲ್ಲಿ, ಬಿಲ್ ಏರಿದೆ ಎಂದ ಮಾತ್ರಕ್ಕೆ ಅದು ಮೋಸವಲ್ಲ, ಹಾಗೆಂದು ಕೇಳಿದಷ್ಟು ಕಟ್ಟಬೇಕೆಂದೂ ಇಲ್ಲ. ಎರಡೆರಡು ಸಲ ಕಟ್ಟುತ್ತಿರುವುದನ್ನೂ ಬೇಡದ ಆಡ್-ಆನ್‌ಗಳನ್ನೂ ತೆಗೆಸಿ. ಮಳೆ, ಮರ, ಬರೆ ಕುಸಿತದಿಂದ ಕಾಯುವ ಭಾಗವನ್ನು ಉಳಿಸಿಕೊಳ್ಳಿ. "ಥರ್ಡ್ ಪಾರ್ಟಿ ಸಾಕು" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಈ ವ್ಯತ್ಯಾಸವನ್ನು ನಾಲ್ಕು ಮಾತಿನಲ್ಲಿ ತಿಳಿಸಿ.