ಕೊಟ್ಟ ಚಾಕಲೇಟು ವಾಪಸ್ ತಗೊಳ್ತೀರಾ?

ಹೋದ ವಾರ ನಮ್ಮೂರ ಅಂಗಡಿಗೆ ನಾಲ್ಕು ಚಾಕಲೇಟು ಒಯ್ದು ಬೆಂಕಿಪೊಟ್ಟಣ ಕೇಳಿದೆ. ಎಲ್ಲಾ ಅವರೇ ಚಿಲ್ಲರೆ ಬದಲು ಕೊಟ್ಟಿದ್ದು. 'ಏನ್ ಸಾರ್, ತಮಾಷೆನಾ?' ಅಂದರು. ನಾನು ತಮಾಷೆ ಮಾಡಿರಲಿಲ್ಲ.

ಅಮೆರಿಕದಲ್ಲಿ 1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾದಾಗ ಹೀಗೇ ಆಗಿತ್ತು. ಯುದ್ಧದ ಖರ್ಚಿಗೆ ಸರ್ಕಾರ ಕಾಗದದ ನೋಟು ಅಚ್ಚು ಹಾಕಿತು. ಜನ ಅದನ್ನು ನಂಬದೆ ಚಿನ್ನ, ಬೆಳ್ಳಿ ನಾಣ್ಯ ಬಚ್ಚಿಟ್ಟರು. 1862ರಲ್ಲಿ ಒಂದು ಸೆಂಟಿನ ಕಾಸಿಗೂ ಬರ ಬಂತು. ಸೆಂಟ್ ಅಂದರೆ ಡಾಲರಿನಲ್ಲಿ ನೂರನೇ ಒಂದು ಪಾಲು. ಜನ ಅಂಚೆಚೀಟಿಯನ್ನೇ ಚಿಲ್ಲರೆಯಾಗಿ ಕೊಟ್ಟು ನೋಡಿದರು. ಬೆವರಿನ ಕೈಗೆ ಗೋಂದು ಅಂಟಿಕೊಂಡರೆ ಅದರ ಕಥೆ ಮುಗೀತು.

ಆಗ ಅಂಗಡಿಯವರು, ಹೋಟೆಲಿನವರು ತಾಮ್ರದ ಬಿಲ್ಲೆ ಮಾಡಿಸಿದರು. ಒಂದು ಕಡೆ ಅಂಗಡಿಯ ಹೆಸರು. ಕೆಲವು ಬಿಲ್ಲೆಗಳಲ್ಲಿ 'ಒಂದು ಸೆಂಟ್' ಅಂತ ದಪ್ಪಕ್ಷರದಲ್ಲಿ ಬರೆದು, ಮೇಲೆ ಸಣ್ಣಗೆ 'ಅಲ್ಲ' ಅಂತ ಸೇರಿಸಿದ್ದರು. ಖೋಟಾ ನಾಣ್ಯದ ಕೇಸು ಬರಬಾರದಲ್ಲ! ಒಂದು ಬಿಲ್ಲೆ ಮಾಡಿಸಲು ಒಂದು ಸೆಂಟಿಗಿಂತ ಕಡಿಮೆ ಬೀಳುತ್ತಿತ್ತು, ಉಳಿದದ್ದು ಲಾಭ. ಹಾಗಂತ ನಾನು ಅವರನ್ನು ಬೈಯುವುದಿಲ್ಲ. ಸರ್ಕಾರ ಕಾಸು ಕೊಡದಿದ್ದಾಗ ವ್ಯಾಪಾರ ನಡೆಸಿದ್ದು ಆ ಬಿಲ್ಲೆಗಳೇ.

ಕೆಡಿಸಿದ್ದು ನ್ಯೂಯಾರ್ಕಿನ ಗುಸ್ತಾವಸ್ ಲಿಂಡನ್‌ಮುಲ್ಲರ್ ಅನ್ನುವ ಮದ್ಯದಂಗಡಿಯವನಂಥವರು. ಅವನು ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆ ಹರಿಬಿಟ್ಟ ಅಂತ ಹೇಳುತ್ತಾರೆ. ಪ್ರಯಾಣಿಕರು ಅದನ್ನೇ ಟಿಕೆಟ್ಟಿಗೆ ಕೊಟ್ಟಿದ್ದರಿಂದ ಅಲ್ಲಿನ ಒಂದು ಟ್ರಾಮ್ ಕಂಪನಿಯ ಬಳಿ ರಾಶಿ ಬಿತ್ತು. 'ಇದನ್ನು ತಗೊಂಡು ದುಡ್ಡು ಕೊಡು' ಅಂತ ಕಂಪನಿ ಕೇಳಿದರೆ, ಅವನು ಆಗಲ್ಲ ಅಂದುಬಿಟ್ಟ. ಕಂಪನಿ ಏನೂ ಮಾಡಲಾಗಲಿಲ್ಲ. 1864ರಲ್ಲಿ ಸರ್ಕಾರ ಖಾಸಗಿ ಬಿಲ್ಲೆಗಳನ್ನು ಕಾನೂನು ತಂದು ನಿಲ್ಲಿಸಿತು.

ಎರಡನೇ ಮಹಾಯುದ್ಧದಲ್ಲಿ ನಮ್ಮ ದೇಶದಲ್ಲೂ ಚಿಲ್ಲರೆ ಸಿಗುತ್ತಿರಲಿಲ್ಲ. 1943ರಲ್ಲಿ ನಡುವೆ ತೂತಿರುವ ಪೈಸೆ ಬಂತು, ಲೋಹ ಉಳಿಸಲು. ಅಜ್ಜಿಯ ಡಬ್ಬಿಯಲ್ಲಿ ನೀವೂ ನೋಡಿರಬಹುದು. ತೂತಾದರೂ ಅದು ಸರ್ಕಾರದ್ದು, ಯಾವ ಅಂಗಡಿಯಲ್ಲೂ ನಡೆಯುತ್ತಿತ್ತು.

ಚಾಕಲೇಟು ಕೊಟ್ಟ ಅಂಗಡಿಯಲ್ಲೇ ನಡೆಯುವುದಿಲ್ಲ. ಚಿಲ್ಲರೆ ಇಲ್ಲ ಅನ್ನುವುದು ಎಷ್ಟೋ ಸಲ ನಿಜವೇ, ಒಪ್ಪುತ್ತೇನೆ. ಹಾಗಿದ್ದರೆ ನನ್ನ ಎರಡು ರೂಪಾಯಿಯನ್ನು ಸಾಲದ ಪುಸ್ತಕದಲ್ಲಿ ಬರೆದುಕೊಳ್ಳಿ. ನಮ್ಮ ಬಾಕಿ ಬರೆಯಲು ಅದರಲ್ಲಿ ಯಾವತ್ತೂ ಜಾಗ ಇರುತ್ತದಲ್ಲ, ನಿಮ್ಮದನ್ನೂ ಅಲ್ಲೇ ಬರೆಯಿರಿ.