ಖಾಲಿ ವರ್ಷಗಳ ಲೆಕ್ಕ ಕೊಡಬೇಕಾದವರು ಯಾರು?

ಖಾಕಿ ತೊಡಬೇಕೆಂದು ಬೆಳಗಿನ ಜಾವ ಐದಕ್ಕೆ ಎದ್ದು ಮೈದಾನ ಸುತ್ತುವ ಕನ್ನಡದ ತಮ್ಮಾ, ಈ ಮಾತು ನಿನಗೆ. ಜಡೆ ಬಿಗಿದು ಕಟ್ಟಿ ಅದೇ ಮೈದಾನದಲ್ಲಿ ಓಡುವ ತಂಗೀ, ನಿನಗೂ.

ಲಿಖಿತ ಪರೀಕ್ಷೆ ಮುಗಿಯಿತು. 1600 ಮೀಟರ್ ಓಟವೂ ಮುಗಿಯಿತು. ಎತ್ತರ, ಎದೆಯ ಸುತ್ತಳತೆ ಎಲ್ಲ ಸರಿಯಿದೆ. ಪಟ್ಟಿಯಲ್ಲಿ ನಿನ್ನ ಹೆಸರು ಬಂತು, ಅವ್ವ ಗುಡಿಯಲ್ಲಿ ಕಾಯಿ ಒಡೆಸಿದಳು. ಆಮೇಲೆ ಕೈಗೆ ಬಂತು ಒಂದು ನಮೂನೆ. ಎಲ್ಲಿ ಓದಿದೆ? ಎಲ್ಲೆಲ್ಲಿ ವಾಸವಿದ್ದೆ? ಎಲ್ಲಿ ಕೆಲಸ ಮಾಡಿದೆ? ನಿನ್ನ ಮೇಲೆ ಮೊಕದ್ದಮೆ ಇದೆಯೇ? ಪದವಿ ಮುಗಿದದ್ದು 2020. ಮೊದಲ ಸಂಬಳ ಕಂಡದ್ದು 2024. ನಡುವಿನ ನಾಲ್ಕು ವರ್ಷ ಏನು ಮಾಡುತ್ತಿದ್ದೆ?

ಅಲ್ಲಿಗೆ ನಿನ್ನ ಪೆನ್ನು ನಿಂತಿತು. ಕೈ ನಡುಗಿತು.

ಯಾಕೆ ನಡುಗಬೇಕು? ಕಳ್ಳತನ ಮಾಡಿದ್ದೀಯಾ? ಯಾರದಾದರೂ ಮನೆ ಮುರಿದಿದ್ದೀಯಾ? ಕೆಲಸ ಇಲ್ಲದೆ ಇದ್ದದ್ದು ಅಪರಾಧವಲ್ಲ. 'ಇಷ್ಟು ವರ್ಷ ನಿರುದ್ಯೋಗಿಯಾಗಿದ್ದವನು ಅನರ್ಹ' ಎಂಬ ನಿಯಮ ನಮ್ಮ ಪೊಲೀಸ್ ನೇಮಕಾತಿಯಲ್ಲಿ ಇಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ. ಮೊದಲು ಅವರ ಲೆಕ್ಕ ತೆಗೆಯೋಣ.

ವರ್ಷ ನುಂಗಿದವರು

2021ರ ಜನವರಿಯಲ್ಲಿ ಸರ್ಕಾರ 545 ಪಿಎಸ್‌ಐ ಹುದ್ದೆಗಳಿಗೆ ಅರ್ಜಿ ಕರೆಯಿತು. ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಆಮೇಲೇನಾಯಿತು? ಓಎಂಆರ್ ಹಾಳೆಗಳನ್ನೇ ತಿದ್ದಿದ್ದರು! ಕಿವಿಯೊಳಗೆ ಬ್ಲೂಟೂತ್! ಹುದ್ದೆಗಳಿಗೆ ಲಕ್ಷಗಳಲ್ಲಿ ಬೆಲೆ! 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯನ್ನೇ ರದ್ದು ಮಾಡಿದರು. ನೇಮಕಾತಿ ವಿಭಾಗದ ತಲೆಯ ಮೇಲೆ ಕೂತಿದ್ದ ಹಿರಿಯ ಐಪಿಎಸ್ ಅಧಿಕಾರಿಯನ್ನೇ ಅದೇ ವರ್ಷ ಜುಲೈನಲ್ಲಿ ಸಿಐಡಿ ಬಂಧಿಸಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ಆಗಲಿ ಎಂದು 2023ರ ನವೆಂಬರ್‌ನಲ್ಲಿ ತೀರ್ಪು ಬಂತು. ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ರಂದು.

ಲೆಕ್ಕ ಹಾಕು. ಮೊದಲ ಪರೀಕ್ಷೆಯಿಂದ ಎರಡನೆಯದಕ್ಕೆ ಎರಡು ವರ್ಷ, ಮೂರು ತಿಂಗಳು, ಇಪ್ಪತ್ತು ದಿನ. ಕದ್ದವರು ಕೆಲವರು, ದಂಡ ಕಟ್ಟಿದವರು ಸಾವಿರಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಅದಕ್ಕೂ ಮುಂಚೆ ಕೊರೋನಾ. 2020ರ ಮಾರ್ಚ್‌ನಲ್ಲಿ ಊರಿಗೆ ಊರೇ ಬೀಗ ಹಾಕಿತು. ಆಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಹೊಸ ಅಧಿಸೂಚನೆಗಳಿಗೇ ತಡೆ ಬಿತ್ತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗಲಿ ಎಂದರು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು, ಸಂಪುಟ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಧಿಸೂಚನೆ ನಿಂತಿತೇ ಹೊರತು ಹುಡುಗರ ವಯಸ್ಸು ನಿಂತಿತೇ? 2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದ ಬೀದಿಗೆ ಸಾವಿರಾರು ಮಂದಿ ಇಳಿದದ್ದು ಸುಮ್ಮನೆ ಅಲ್ಲ.

ಈಗ ಹೇಳು, ನಿನ್ನ ಬದುಕಿನ ಆ ಖಾಲಿ ಜಾಗವನ್ನು ಕೊರೆದವರು ಯಾರು? ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು ಮಲಗಿ, ಒಂದು ಹೊತ್ತು ಉಂಡು ಓದಿದ ಹುಡುಗನನ್ನು 'ಕನ್ನಡದವರು ಸೋಮಾರಿಗಳು ಸ್ವಾಮಿ' ಎನ್ನುವ ಬಾಯಿಗಳಿಗೆ ಇದೇ ಉತ್ತರ.

ಸುಳ್ಳಿನ ಅಂಗಡಿಗೆ ಹೋಗಬೇಡ

ಆದರೆ ತಮ್ಮಾ, ಒಂದು ಕಹಿ ಮಾತು ನಿನಗೂ ಹೇಳಬೇಕು.

ಈ ಖಾಲಿ ಜಾಗ ತುಂಬಿಸಲು ಅಂಗಡಿಗಳು ತೆರೆದಿವೆ. ಕಾಸು ಕೊಟ್ಟರೆ ಎರಡು ವರ್ಷದ ಅನುಭವ ಪತ್ರ! ಇನ್ನಷ್ಟು ಕೊಟ್ಟರೆ ಸಂಬಳದ ಚೀಟಿಯೂ ಸಿಗುತ್ತದೆ. ಖಾಸಗಿ ಕಂಪನಿಯ ಬಾಗಿಲಲ್ಲಿ ಆ ಕಾಗದ ಒಂದು ದಿನ ನಡೆದೀತು. ಪೊಲೀಸ್ ಇಲಾಖೆಯಲ್ಲಿ ನಡೆಯುತ್ತದೆಯೇ? ನೀನು ಕೊಟ್ಟ ವಿಳಾಸದ ಠಾಣೆಗೆ ಪರಿಶೀಲನೆಗೆ ಕಾಗದ ಹೋಗುತ್ತದೆ. ಅಲ್ಲಿಯ ಪೇದೆ ನಿನ್ನ ಓಣಿಗೆ ಬರುತ್ತಾನೆ, ಕಿರಾಣಿ ಅಂಗಡಿಯವನನ್ನೂ ಕೇಳುತ್ತಾನೆ. ಭವಿಷ್ಯನಿಧಿ ಖಾತೆ ತೆಗೆದರೆ ಯಾವ ಕಂಪನಿಗೆ ಯಾವಾಗ ಸೇರಿದೆ, ಯಾವಾಗ ಬಿಟ್ಟೆ ಎಂಬುದು ತಿಂಗಳ ಸಮೇತ ಹೊರಬೀಳುತ್ತದೆ. ಕಳ್ಳರನ್ನು ಹಿಡಿಯುವ ಇಲಾಖೆಗೇ ಕಳ್ಳ ಕಾಗದ ಕೊಟ್ಟು ಒಳಗೆ ಹೋಗುತ್ತೀಯಾ? ಇಂದು ದಾಟಿದರೂ ಐದು ವರ್ಷದ ಮೇಲೆ ಸಿಕ್ಕಿಬಿದ್ದರೆ, ಹೆಂಡತಿ ಮಕ್ಕಳ ಎದುರು ಸಮವಸ್ತ್ರ ಬಿಚ್ಚಿಕೊಡಬೇಕು.

ಹಾಗಾದರೆ ಏನು ಬರೆಯಬೇಕು? ನಡೆದದ್ದನ್ನೇ ಬರೆ. ಒಂದು ಹಾಳೆ ತೆಗೆದುಕೊಂಡು ಪದವಿಯ ಕೊನೆಯ ಪರೀಕ್ಷೆಯಿಂದ ಇಂದಿನವರೆಗೆ ತಿಂಗಳು ತಿಂಗಳಾಗಿ ಪಟ್ಟಿ ಮಾಡು. ಪರೀಕ್ಷೆಗೆ ಓದುತ್ತಿದ್ದೆಯಾ? 'ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧತೆ' ಎಂದು ಬರೆ. ಬರೆದ ಪರೀಕ್ಷೆಗಳ ಹಾಲ್ ಟಿಕೆಟ್, ಕೋಚಿಂಗ್ ರಸೀದಿ, ಗ್ರಂಥಾಲಯದ ಕಾರ್ಡು ಸಾಕ್ಷಿ. ಅಪ್ಪನ ಜೊತೆ ಹೊಲ ಮಾಡಿದೆಯಾ? ಅದೂ ಕೆಲಸವೇ. ಪಹಣಿ ಇದೆಯಲ್ಲ! ಸ್ಕೂಟರಿನಲ್ಲಿ ಮನೆಮನೆಗೆ ಊಟ ಮುಟ್ಟಿಸಿದೆಯಾ? ಬ್ಯಾಂಕ್ ಖಾತೆಗೆ ಬಿದ್ದ ಹಣ ಮಾತಾಡುತ್ತದೆ. ಅವ್ವನಿಗೆ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಕೂತಿದ್ದೆಯಾ? ಬಿಡುಗಡೆ ಚೀಟಿ ತೆಗೆದಿಡು. ಕೆಲಸದಿಂದ ತೆಗೆದುಹಾಕಿದ್ದರೆ ತೆಗೆದರು ಎಂದೇ ಬರೆ, ಕಾರಣ ಒಂದು ಸಾಲಿನಲ್ಲಿ ಸಾಕು. ಆ ಪಿಜಿ ಕೋಣೆಯ ವಿಳಾಸ ಕೇಳಿದ್ದರೆ ಅದನ್ನೂ ಬಿಡಬೇಡ.

ಉದ್ದ ಕಥೆ ಬೇಡ, ಕಣ್ಣೀರು ಬೇಡ. ದಿನಾಂಕ, ಕೆಲಸ, ಸಾಕ್ಷಿ. ಎಲ್ಲ ಕಾಗದದಲ್ಲೂ ಒಂದೇ ದಿನಾಂಕ ಇರಲಿ. ನಾಳೆ ಠಾಣೆಯಲ್ಲಿ ಕೂತು ದೂರು ಬರೆದುಕೊಳ್ಳುವವನು ನೀನೇ ಅಲ್ಲವೇ? ಇಂದೇ ಕಲಿ.

ಬಾವುಟ ಹಿಡಿದವನ ಮೇಲಿನ ಕೇಸು

ಇನ್ನು ನಮ್ಮ ಮನೆಯ ಮಾತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕನ್ನಡ ನಾಮಫಲಕಕ್ಕಾಗಿ ಹೋರಾಟ ನಡೆಯಿತು. ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂಬ ನಿಯಮಕ್ಕೆ ಆಮೇಲೆ ಕಾನೂನಿನ ಬಲ ಬಂತು. ಫಲಕದಲ್ಲಿ ಕನ್ನಡ ಬಂತು, ಹಲವು ಹುಡುಗರ ಮೇಲೆ ಕೇಸೂ ಬಂತು. ಇಂಥ ಹೋರಾಟಗಳಲ್ಲಿ ಹೆಸರು ಸೇರಿದವರಲ್ಲಿ ಖಾಕಿ ಕನಸಿನವರೂ ಇದ್ದಾರೆ.

ಅವರಿಗೆ ಕೆಲವರು ಕಿವಿಯಲ್ಲಿ ಹೇಳುತ್ತಾರೆ: 'ಬರೀಬೇಡ ಮಾರಾಯ, ಯಾರಿಗೆ ಗೊತ್ತಾಗುತ್ತೆ!' ಈ ಮಾತು ನಂಬಿದರೆ ನೀನು ಕೆಟ್ಟೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನು ಬಿಡಿಸಿ ಹೇಳಿದ್ದಾರೆ. ಕೇಳಿದ ಮಾಹಿತಿಯನ್ನು ಮುಚ್ಚಿಡದೆ, ಸತ್ಯವಾಗಿ ಕೊಡಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ಇಲಾಖೆ ಅದನ್ನು ಕಡೆಗಣಿಸಬಹುದು. ಗಂಭೀರ ಪ್ರಕರಣವಾದರೆ, ಹೇಳಿದ್ದರೂ ನೇಮಕ ಮಾಡಲೇಬೇಕೆಂಬ ಒತ್ತಾಯ ಇಲಾಖೆಯ ಮೇಲೆ ಇಲ್ಲ. ಮತ್ತೊಂದು ಮಾತು: ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದ್ದನ್ನು ಹೇಳಲಿಲ್ಲವೆಂದು ಮುಚ್ಚಿಟ್ಟ ಆರೋಪ ಹೊರಿಸುವಂತಿಲ್ಲ.

ಅಂದರೆ ಸತ್ಯ ಹೇಳಿದವನಿಗೆ ವಾದ ಮಾಡಲು ನೆಲ ಇರುತ್ತದೆ. ಮುಚ್ಚಿಟ್ಟವನು ಇಲಾಖೆಯ ಕರುಣೆಗೆ ಕೈಯೊಡ್ಡಿ ನಿಲ್ಲಬೇಕು. ಖುಲಾಸೆಯಾಗಿದ್ದರೂ ನಮೂನೆ ಕೇಳಿದರೆ ಬರೆ, ತೀರ್ಪಿನ ದೃಢೀಕೃತ ಪ್ರತಿ ಲಗತ್ತಿಸು.

ನಮ್ಮ ಮುಖಂಡರಿಗೂ ಒಂದು ಮಾತಿದೆ, ಕೋಪ ಬಂದರೆ ಬರಲಿ. ಮೆರವಣಿಗೆಯ ಮುಂದೆ ಹುಡುಗರನ್ನು ನಿಲ್ಲಿಸುತ್ತೀರಿ. ಹಾರ ನಿಮ್ಮ ಕೊರಳಿಗೆ, ಎಫ್‌ಐಆರ್ ಅವನ ಹೆಸರಿಗೆ! ಕೋರ್ಟಿನ ವಾಯಿದೆ ದಿನ ಅವನ ಪಕ್ಕ ನಿಲ್ಲುವವರು ಯಾರು? ಮಂತ್ರಿಗಳು ವೇದಿಕೆಯ ಮೇಲೆ 'ಕನ್ನಡ ಹೋರಾಟಗಾರರ ಕೇಸು ವಾಪಸ್' ಎಂದಾಗ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಭಾಷಣದಿಂದ ಕೇಸು ಹೋಗುವುದಿಲ್ಲ. ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಅಲ್ಲಿಯವರೆಗೆ ಆ ಹುಡುಗನ ಹೆಸರು ಠಾಣೆಯ ಪುಸ್ತಕದಲ್ಲೇ ಇರುತ್ತದೆ. ಸಂಘಟನೆ ಅಂದರೆ ಬಾವುಟ ಮಾತ್ರ ಅಲ್ಲ, ವಕೀಲರ ಖರ್ಚೂ ಹೌದು.

ನಾವು ಕೇಳುವುದು

ಯಾಕೆ ಇಷ್ಟು ಹೇಳುತ್ತಿದ್ದೇವೆ? ಠಾಣೆಯ ಮೆಟ್ಟಿಲು ಹತ್ತುವ ಬಡ ಮುದುಕಿಯ ಮಾತು ಅರ್ಥವಾಗುವವರು ಅಲ್ಲಿ ಇರಬೇಕು. ಅವಳ ದೂರನ್ನು ಅವಳ ಕನ್ನಡದಲ್ಲೇ ಬರೆದುಕೊಳ್ಳುವ ಕೈ ಬೇಕು. ಆ ಕೈ ನಿನ್ನದಾಗಲಿ ಎಂಬುದೇ ನಮ್ಮ ಆಸೆ.

ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರವರೆಗೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ದಕ್ಷಿಣದ ರಾಜ್ಯಗಳು ದನಿ ಎತ್ತಿದ ಮೇಲೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬಂತು. ಕೇಳಿದ್ದಕ್ಕೆ ಬಂತು. ಹಾಗೆಯೇ ಇವನ್ನೂ ಕೇಳೋಣ.

ಒಂದು, ಪ್ರತಿ ವರ್ಷ ನೇಮಕಾತಿಯ ದಿನಾಂಕಪಟ್ಟಿ ಮೊದಲೇ ಪ್ರಕಟವಾಗಲಿ, ಅದರಂತೆ ನಡೆಯಲಿ. ಎರಡು, ಹಗರಣದಿಂದ, ತಡೆಯಿಂದ ಕಳೆದುಹೋದ ತಿಂಗಳುಗಳನ್ನು ವಯೋಮಿತಿಗೆ ಸೇರಿಸಿಕೊಡಲಿ. ದಯೆಯಿಂದ ಅಲ್ಲ, ನಿಯಮವಾಗಿ. ಮೂರು, ಪರಿಶೀಲನಾ ನಮೂನೆ ಹಳ್ಳಿಯ ಹುಡುಗಿಗೂ ಒಂದೇ ಓದಿಗೆ ತಿಳಿಯುವ ಕನ್ನಡದಲ್ಲಿ ಇರಲಿ, ಕೇಂದ್ರದ ನಮೂನೆಯೂ ಸೇರಿ. ನಾಲ್ಕು, 'ನಿರುದ್ಯೋಗಿಯಾಗಿದ್ದೆ' ಎಂಬ ಉತ್ತರಕ್ಕೆ ಮರುಮಾತಿಲ್ಲದ ಮಾನ್ಯತೆ ಸಿಗಲಿ.

ತಮ್ಮಾ, ಮತ್ತೆ ಪೆನ್ನು ಎತ್ತಿಕೋ. 2021ರಿಂದ 2024: ಪಿಎಸ್‌ಐ ಪರೀಕ್ಷೆ ಬರೆದೆ, ಸರ್ಕಾರ ರದ್ದು ಮಾಡಿತು, ಮತ್ತೆ ಬರೆದೆ. ನಡುವೆ ಹೊಟ್ಟೆಪಾಡಿಗೆ ದುಡಿದೆ. ಇಷ್ಟು ಬರೆದು ಕೆಳಗೆ ಕನ್ನಡದಲ್ಲೇ ರುಜು ಹಾಕು.

ಖಾಲಿ ಇದ್ದದ್ದು ಅವರು ತುಂಬದೆ ಬಿಟ್ಟ ಹುದ್ದೆಗಳು. ನೀನಲ್ಲ.

ಸಿರಿಗನ್ನಡಂ ಗೆಲ್ಗೆ!